ಬಂಡಾಯದ ಕಾಗದ ಹುಡುಕುವುದು ಹೇಗೆ: ಶಿಕ್ಷಕರ ಸ್ವಂತ ಸಂಶೋಧನೆಗೆ ಒಂದು ದಾರಿ

ಬಂಡಾಯ ಸಾಹಿತ್ಯದ, ಅಂದರೆ ಎಪ್ಪತ್ತು ಎಂಬತ್ತರ ದಶಕದಲ್ಲಿ ಜಾತಿ, ಶೋಷಣೆಯ ವಿರುದ್ಧ ಎದ್ದ ಕನ್ನಡ ಸಾಹಿತ್ಯ ಚಳವಳಿಯ ಬಗ್ಗೆ ಸ್ವಂತವಾಗಿ ಏನಾದರೂ ಮಾಡಬೇಕು ಅಂತ ಹೊರಡುವ ಮೇಷ್ಟ್ರು, ಮೇಡಂಗಳು ಮೊದಲ ತಪ್ಪನ್ನು ಸಾಮಾನ್ಯವಾಗಿ ಲೈಬ್ರರಿಯಲ್ಲೇ ಮಾಡುತ್ತಾರೆ. ಸಾಹಿತ್ಯ ಚರಿತ್ರೆಯ ನಾಲ್ಕು ಪುಸ್ತಕ ತಂದು, ನಾಲ್ಕರಿಂದಲೂ ಟಿಪ್ಪಣಿ ಮಾಡಿಕೊಂಡು ಕೂರುತ್ತಾರೆ. ಎರಡು ತಿಂಗಳಾದ ಮೇಲೆ ನೋಡಿದರೆ ಆ ನಾಲ್ಕನ್ನೇ ಕಲಸಿ ಐದನೆಯದೊಂದು ಮಾಡಿದ ಹಾಗಾಗಿರುತ್ತದೆ. ಚಳವಳಿ ಪುಸ್ತಕದಲ್ಲಿ ಇದ್ದದ್ದು ಕಡಿಮೆ. ಸಭೆ, ಕರಪತ್ರ, ಸಣ್ಣ ಪತ್ರಿಕೆ, ಹಾಡು, ಜಗಳ, ವಾಚಕರ ವಾಣಿಗೆ ಬರೆದ ಪತ್ರ, ಇವುಗಳಲ್ಲಿ ಇದ್ದದ್ದು ಹೆಚ್ಚು. ಅದರಲ್ಲಿ ಎಷ್ಟೋ ಕಾಗದ ತಾಲ್ಲೂಕು ಊರುಗಳ ಅಟ್ಟದ ಮೇಲೆ, ಟ್ರಂಕಿನೊಳಗೆ ಇರುತ್ತದೆ. ಅದನ್ನು ತಲುಪುವುದು ವಿಶ್ವವಿದ್ಯಾಲಯದವರಿಗಿಂತ ಅದೇ ಊರಿನಲ್ಲಿ ಪಾಠ ಮಾಡುವವರಿಗೆ ಸುಲಭ.

ಪಿಎಚ್‌ಡಿಗೆ ನೋಂದಾಯಿಸುವುದಾದರೆ ದಾರಿ ಬೇರೆ. ಸರ್ಕಾರಿ ನೌಕರಿಯಲ್ಲಿದ್ದರೆ ಮೊದಲು ಇಲಾಖೆಯ ಅನುಮತಿ, ಆಮೇಲೆ ಮಾರ್ಗದರ್ಶಕರು. ಇಲ್ಲಿ ಹೇಳುತ್ತಿರುವುದು ಪದವಿಯ ಹಂಗಿಲ್ಲದ ಕೆಲಸದ ಬಗ್ಗೆ.

ಮೊದಲು ಗಂಟೆ ಲೆಕ್ಕ, ಆಮೇಲೆ ವಿಷಯ

ಭಾನುವಾರ ಮೂರು ಗಂಟೆ, ವಾರದ ನಡುವೆ ಎರಡು ಸಂಜೆ ಒಂದೊಂದು ಗಂಟೆ ಎಂದಿಟ್ಟುಕೊಳ್ಳಿ. ಪರೀಕ್ಷೆ, ಮೌಲ್ಯಮಾಪನ, ಗಣತಿ, ಚುನಾವಣೆ ಡ್ಯೂಟಿ, ಮನೆಯ ಮದುವೆ ಮುಂಜಿ ಕಳೆದರೆ ವರ್ಷಕ್ಕೆ 35 ವಾರ ಸಿಕ್ಕರೆ ಹೆಚ್ಚು. ಒಟ್ಟು 175 ಗಂಟೆ. ಹಳೆಯ ಪತ್ರಿಕೆ ನೋಡಲು 50, ಆರು ಸಂದರ್ಶನ ಮಾಡಿ ಬರಹಕ್ಕಿಳಿಸಲು 60, ಕೃತಿಗಳನ್ನು ಓದಲು 40, ಬರೆಯಲು 25. ಹಾಸಿಗೆ ಇಷ್ಟೇ. ಇದರಲ್ಲಿ "ಬಂಡಾಯ ಸಾಹಿತ್ಯ: ಒಂದು ಅಧ್ಯಯನ" ಹಿಡಿಸುವುದಿಲ್ಲ. "ಬಂಡಾಯ ಕಾವ್ಯದಲ್ಲಿ ಸಾಮಾಜಿಕ ಪ್ರಜ್ಞೆ" ಅಂತೂ ಬೇಡವೇ ಬೇಡ. ಇದೆ ಎಂಬ ಉತ್ತರ ಪ್ರಶ್ನೆಯ ಹೊಟ್ಟೆಯಲ್ಲೇ ಕೂತಿದೆ.

ಹಿಡಿಸುವ ಪ್ರಶ್ನೆ ಹೀಗಿರುತ್ತದೆ: 1979ರಿಂದ 1985ರವರೆಗೆ ನಮ್ಮ ಜಿಲ್ಲೆಯಲ್ಲಿ ಬಂಡಾಯದ ಹೆಸರಿನಲ್ಲಿ ನಡೆದ ಕವಿಗೋಷ್ಠಿಗಳಲ್ಲಿ ಓದಿದವರು ಯಾರು, ಅವರಲ್ಲಿ ಎಷ್ಟು ಜನರ ಕವಿತೆ ಅಚ್ಚಾಯಿತು? ಅಥವಾ: ಸಭೆಯಲ್ಲಿ ಹಾಡಿದ ಹೋರಾಟದ ಹಾಡಿಗೂ ಪುಸ್ತಕದಲ್ಲಿ ಅಚ್ಚಾದ ರೂಪಕ್ಕೂ ಎಲ್ಲೆಲ್ಲಿ ವ್ಯತ್ಯಾಸ? ಅಥವಾ: ಬಂಡಾಯದ ಕಥೆಗಳಲ್ಲಿ ಶಾಲಾ ಮೇಷ್ಟ್ರು ಯಾರ ಪಕ್ಷದಲ್ಲಿ ನಿಲ್ಲುತ್ತಾನೆ? ಒಂದು ಜಾಗ, ಒಂದು ಅವಧಿ, ಒಂದು ಬಗೆಯ ಸಾಮಗ್ರಿ. ಈ ಮೂರರಲ್ಲಿ ಒಂದನ್ನಾದರೂ ಬಿಗಿಯಾಗಿ ಕಟ್ಟದಿದ್ದರೆ ಮಳೆಗಾಲ ಮುಗಿಯುವ ಹೊತ್ತಿಗೆ ಉತ್ಸಾಹವೂ ಮುಗಿಯುತ್ತದೆ.

ಕಂಬ ನೆಡುವುದು

ಡ್ರಾಯಿಂಗ್ ಶೀಟ್ ಒಂದನ್ನು ಅಡ್ಡಲಾಗಿ ಗೋಡೆಗೆ ಅಂಟಿಸಿ, 1973ರಿಂದ 1985ರವರೆಗೆ ಗೆರೆ ಎಳೆಯಿರಿ. ಎಲ್ಲರಿಗೂ ಗೊತ್ತಿರುವ ಘಟನೆಗಳನ್ನು ಮೊದಲು ಗುರುತು ಹಾಕಿ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬರ್ಥದಲ್ಲಿ ಆಡಿದ ಮಾತಿನಿಂದ ಎದ್ದ ಬೂಸಾ ಗಲಾಟೆ. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ ಹೊಲೆಮಾದಿಗರ ಹಾಡು, ಅದೇ ವರ್ಷ ಜೂನ್‌ನಲ್ಲಿ ತುರ್ತುಪರಿಸ್ಥಿತಿ. ಕವಿ ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರಾದ ಧರ್ಮಸ್ಥಳದ 51ನೆಯ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯ ಗೋಷ್ಠಿ ಬೇಕೆಂಬ ಕೋರಿಕೆಯನ್ನು ಕನ್ನಡ ಸಾಹಿತ್ಯ ಪರಿಷತ್ತು ಒಪ್ಪದಿದ್ದದ್ದು, ಅದರ ಬೆನ್ನಿಗೇ 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಸಮ್ಮೇಳನ, "ಖಡ್ಗವಾಗಲಿ ಕಾವ್ಯ" ಎಂಬ ಘೋಷಣೆ. 1980ರ ಜುಲೈನಲ್ಲಿ ಲಂಕೇಶ್ ಪತ್ರಿಕೆ ಶುರುವಾದದ್ದು, ಅದೇ ತಿಂಗಳು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್. 1982ರ ಗೋಕಾಕ್ ಚಳವಳಿ.

ಈ ಕಂಬಗಳು ನಿಮ್ಮ ಸಂಶೋಧನೆಯಲ್ಲ. ನಿಮ್ಮ ಊರಿನ ಸಂಗತಿಗಳನ್ನು ಕಟ್ಟಲು ಬೇಕಾದ ಗೂಟ ಅಷ್ಟೇ. ಊರಿನದು ಸಿಕ್ಕ ಹಾಗೆಲ್ಲ ಬೇರೆ ಬಣ್ಣದಲ್ಲಿ ಗೆರೆಯ ಕೆಳಗೆ ಬರೆಯುತ್ತಾ ಹೋಗಿ.

ಹೆಸರಿನ ವಿಷಯದಲ್ಲಿ ಮೊದಲ ದಿನದಿಂದ ಎಚ್ಚರ ಬೇಕು. ದಲಿತ ಸಾಹಿತ್ಯ, ಬಂಡಾಯ ಸಾಹಿತ್ಯ, ದಲಿತ-ಬಂಡಾಯ, ದಲಿತ ಮತ್ತು ಬಂಡಾಯ ಎಂದು ಬೇರೆ ಬೇರೆಯವರು ಬೇರೆ ಬೇರೆ ಕಾರಣಕ್ಕೆ ಬರೆದಿದ್ದಾರೆ. ಎರಡೂ ಒಂದೇ ಚಳವಳಿಯೋ ಎರಡೋ ಎನ್ನುವುದರ ಮೇಲೆ ಜಗಳವೇ ನಡೆದಿದೆ. ಮೂಲದಲ್ಲಿ ಹೇಗಿದೆಯೋ ಹಾಗೇ ಇಳಿಸಿಕೊಳ್ಳಿ. ಅಡ್ಡಗೆರೆ ಇದೆಯೋ ಇಲ್ಲವೋ ಎನ್ನುವುದೂ ಇಲ್ಲಿ ಮಾಹಿತಿಯೇ.

ಎಲ್ಲಿ ಹುಡುಕಬೇಕು

ಪುಸ್ತಕ, ಪತ್ರಿಕೆಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ದಸರಾ ರಜೆಯಲ್ಲಿ ಹೋಗುವುದಾದರೆ ತೆರೆದಿರುತ್ತದೆಯೇ ಎಂದು ಮೊದಲೇ ಫೋನ್ ಮಾಡಿ. ನಿಮ್ಮ ರಜೆ ಅವರಿಗೂ ರಜೆಯಾಗಿರಬಹುದು. ಮುಖ್ಯೋಪಾಧ್ಯಾಯರ ಸಹಿ, ಸೀಲು ಇರುವ ಒಂದು ಪತ್ರ, ಗುರುತಿನ ಚೀಟಿ ಜೊತೆಗಿರಲಿ. ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಹತ್ತಿರ ಸಣ್ಣ ಪತ್ರಿಕೆಗಳ ಬಿಡಿ ಸಂಚಿಕೆ ಕೇಳಿ, ಪುಸ್ತಕ ಮಾತ್ರ ಕೇಳಿದರೆ ಪುಸ್ತಕ ಮಾತ್ರ ತೋರಿಸುತ್ತಾರೆ.

ದಿನಪತ್ರಿಕೆಯ ಬೈಂಡುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ ಹಾಕಲು ಹೋಗಬೇಡಿ. ಒಂದು ಸಂಚಿಕೆಯನ್ನು ಕಣ್ಣಾಡಿಸಿ ಬೇಕಾದ್ದನ್ನು ಗುರುತು ಮಾಡಿಕೊಳ್ಳಲು ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಒಂದು ತಿಂಗಳಿಗೆ ನಾಲ್ಕೈದು ಗಂಟೆ. ನಿಮ್ಮ ಹತ್ತಿರ ಇರುವುದು 50 ಗಂಟೆ, ಅಂದರೆ ಹತ್ತು ಹನ್ನೊಂದು ತಿಂಗಳಿನ ಪತ್ರಿಕೆ ಮಾತ್ರ. ಹಾಗಾಗಿ ಒಂದೊಂದು ಕಂಬದ ಹಿಂದೆ ಎರಡು ವಾರ, ಮುಂದೆ ಆರು ವಾರ ತೆಗೆದುಕೊಳ್ಳಿ. ಸುದ್ದಿ ಪುಟಕ್ಕಿಂತ ಭಾನುವಾರದ ಪುರವಣಿ, ಓದುಗರ ಪತ್ರಗಳ ಅಂಕಣ ನೋಡಿ. ಸಮ್ಮೇಳನದ ವರದಿ ಎರಡು ದಿನದಲ್ಲಿ ಮುಗಿಯುತ್ತದೆ, ಪತ್ರಗಳ ಜಗಳ ಒಂದು ತಿಂಗಳು ನಡೆಯುತ್ತದೆ. ಪತ್ರದ ಕೆಳಗಿನ ಹೆಸರು, ಊರು ನಿಮ್ಮ ಮುಂದಿನ ಸಂದರ್ಶನದ ವಿಳಾಸವಾಗಬಹುದು. ರಾಜ್ಯ ಪತ್ರಿಕೆಯಲ್ಲಿ ಬಾರದ್ದು ಜಿಲ್ಲೆಯ ಅಥವಾ ಆ ಸೀಮೆಯ ಪತ್ರಿಕೆಯಲ್ಲಿ ಬಂದಿರುತ್ತದೆ. ಮೈಸೂರು ಸೀಮೆಯವರು ಆಂದೋಲನ, ಹುಬ್ಬಳ್ಳಿ ಧಾರವಾಡದವರು ಸಂಯುಕ್ತ ಕರ್ನಾಟಕ, ಕರಾವಳಿಯವರು ಉದಯವಾಣಿ ಬಿಡಬಾರದು.

ಕಂಪ್ಯೂಟರಿನಲ್ಲಿ ಹುಡುಕುವಾಗ ಎರಡು ಕಡೆ ಜನ ಎಡವುತ್ತಾರೆ. ಒಂದು, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಇರುವ ಜಾಲತಾಣ ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಎಷ್ಟೋ ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದಂತೆ ದಾಖಲಾಗಿದೆ. "ಬಂಡಾಯ" ಎಂಬುದನ್ನು ಅನುಸ್ವಾರಕ್ಕೆ ಎನ್ ಹಾಕಿ ಒಮ್ಮೆ, ಎಂ ಹಾಕಿ ಒಮ್ಮೆ, ದೀರ್ಘಕ್ಕೆ ಒಂದು ಎ, ಎರಡು ಎ ಹಾಕಿ ಒಮ್ಮೊಮ್ಮೆ ಹುಡುಕಬೇಕು. ಎರಡು, ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳಲ್ಲಿ ಹಲವು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿವೆ ಅಥವಾ ಬರೀ ಸ್ಕ್ಯಾನ್ ಚಿತ್ರಗಳಾಗಿವೆ. ಅದರೊಳಗೆ ಯೂನಿಕೋಡಿನಲ್ಲಿ "ಕರಪತ್ರ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಇಲ್ಲ ಅಂತಲ್ಲ, ಕಂಪ್ಯೂಟರಿಗೆ ಓದಲು ಬರುತ್ತಿಲ್ಲ ಅಂತ. ಹಳೆಯ ಫಾಂಟಾದರೆ ಪಠ್ಯವನ್ನು ಪರಿವರ್ತಕಕ್ಕೆ ಹಾಕಿ, ಚಿತ್ರವಾದರೆ ಗೂಗಲ್ ಡಾಕ್ಸ್‌ನಲ್ಲಿ ತೆರೆದು ಅಕ್ಷರ ಮಾಡಿಸಿ. ಬಂದ ಪಠ್ಯದಲ್ಲಿ ಪ-ಷ, ಬ-ಭ ಮತ್ತು ಒತ್ತಕ್ಷರ ಕೆಟ್ಟಿರುತ್ತವೆ. ಅಂಕಿಯ ಸೊನ್ನೆ ಇದ್ದಲ್ಲಿ ಅನುಸ್ವಾರ ಕೂತಿರುತ್ತದೆ. ಉದ್ಧರಿಸುವ ಸಾಲನ್ನು ಮೂಲದೊಡನೆ ಕಣ್ಣಿಟ್ಟು ನೋಡದೆ ಬಳಸಬೇಡಿ.

ಶೋಧಗಂಗಾದ ಪ್ರಬಂಧಗಳನ್ನು ಹಿಂದಿನಿಂದ ಓದಿ. ಮೊದಲು ಅನುಬಂಧ, ಆಮೇಲೆ ಗ್ರಂಥಸೂಚಿ, ಬೇಕೆನಿಸಿದರೆ ಅಧ್ಯಾಯ. ಬೇರೆಲ್ಲೂ ಇಲ್ಲದ ಸಂದರ್ಶನ, ಆಹ್ವಾನ ಪತ್ರಿಕೆಯ ಪ್ರತಿ ಅನುಬಂಧದಲ್ಲೇ ಇರುತ್ತವೆ. "ಸ್ವರೂಪ ಮತ್ತು ತಾತ್ವಿಕತೆ" ಎಂಬ ಅಧ್ಯಾಯಗಳು ಒಂದನ್ನೊಂದು ನೋಡಿ ಬರೆದ ಹಾಗಿರುತ್ತವೆ. ಒಬ್ಬರು ಇಸವಿ ತಪ್ಪಿದರೆ ಹತ್ತು ಜನ ಅದೇ ತಪ್ಪನ್ನು ಹೊತ್ತು ತಂದಿರುತ್ತಾರೆ.

ಇಸವಿ ಇಲ್ಲದ ಕರಪತ್ರ

ಕರಪತ್ರದಲ್ಲಿ ದಿನ, ವಾರ, ಹೊತ್ತು ಎಲ್ಲ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಹಂಚಿದ ದಿನ ಯಾರಿಗೂ ಅದು ಬೇಕಿರಲಿಲ್ಲ. ಇಲ್ಲಿ ಕ್ಯಾಲೆಂಡರ್ ಸಹಾಯಕ್ಕೆ ಬರುತ್ತದೆ. "ಮಾರ್ಚ್ 10, ಶನಿವಾರ" ಎಂದಿದ್ದರೆ ಆ ಕಾಲದಲ್ಲಿ ಅದು 1973, 1979, 1984 ಅಥವಾ 1990 ಮಾತ್ರ ಆಗಬಹುದು. ಬಂಡಾಯ ಸಾಹಿತ್ಯ ಸಂಘಟನೆಯ ಹೆಸರಿದ್ದರೆ 1973 ಬಿದ್ದುಹೋಯಿತು. ಉಳಿದ ಮೂರರಲ್ಲಿ ಯಾವುದು ಎನ್ನುವುದಕ್ಕೆ ಅತಿಥಿಗಳ ಹೆಸರಿನ ಮುಂದಿನ ಹುದ್ದೆ ನೋಡಿ: ಶಾಸಕರು, ಮಾಜಿ ಶಾಸಕರು, ಜಿಲ್ಲಾಧ್ಯಕ್ಷರು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ ನಂತರದ್ದು.

ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿರುತ್ತದೆ. ಮುದ್ರಕರ ಹೆಸರು, ಊರು ಹಾಕಲೇಬೇಕೆಂದು ಆಗ ಜಾರಿಯಲ್ಲಿದ್ದ 1867ರ ಕಾಯ್ದೆಯ ನಿಯಮವಿತ್ತು. ಆ ಪ್ರೆಸ್ಸು ಈಗ ಫ್ಲೆಕ್ಸ್ ಅಂಗಡಿಯಾಗಿರಬಹುದು, ಆದರೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಊರಲ್ಲೇ ಇದ್ದಾರೆಯೇ ಎಂದು ವಿಚಾರಿಸಿ. ಯಾರು ಬಂದು ಅಚ್ಚು ಹಾಕಿಸುತ್ತಿದ್ದರು, ಯಾರು ಹಣ ಕೊಟ್ಟರು ಎನ್ನುವುದು ಸಾಹಿತಿಗಳಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಕಾಗದ ಸಿಕ್ಕಾಗ ಅತಿ ಉಪಚಾರ ಮಾಡಬೇಡಿ. ಲ್ಯಾಮಿನೇಷನ್ ಬೇಡ, ಬಿಸಿಗೆ ಕಾಗದ ಕೆಡುತ್ತದೆ, ಆಮೇಲೆ ಬಿಡಿಸಲಿಕ್ಕೂ ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯದೆ, ಎರಡೂ ಬದಿ ಬಿಡಿಸಿ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ತೆಳು ಕಾಗದದ ಹಿಂದೆ ಕಪ್ಪು ಹಾಳೆ ಇಟ್ಟರೆ ಆ ಬದಿಯ ಅಚ್ಚು ಈ ಬದಿಗೆ ಕಾಣುವುದಿಲ್ಲ. ಸೈಕ್ಲೋಸ್ಟೈಲ್ (ಹಳೆಯ ಸ್ಟೆನ್ಸಿಲ್ ನಕಲು) ಪ್ರತಿಯಲ್ಲಿ ಮಸಿ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಫೋಟೋಗೆ ಅಲ್ಲೇ ಹೆಸರು ಕೊಡಿ: ಇಸವಿ, ತಿಂಗಳು, ದಿನ, ಊರು, ಪುಟ. ಮನೆಗೆ ಹೋಗಿ ಕೊಡುತ್ತೇನೆ ಎಂದರೆ 340 ಫೋಟೋಗಳಲ್ಲಿ ಯಾವುದು ಯಾರ ಮನೆಯದ್ದು ಎಂಬುದೇ ಕಳೆದುಹೋಗಿರುತ್ತದೆ.

ಕಾರ್ಡು

ನೋಟ್‌ಬುಕ್ಕಿಗಿಂತ ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ಕಾರ್ಡು ಒಳ್ಳೆಯದು. ಒಂದು ಸಂಗತಿಗೆ ಒಂದೇ ಕಾರ್ಡು. ಹೊಲೆಮಾದಿಗರ ಹಾಡಿನ ಕಾರ್ಡು ಹೀಗಿರಬಹುದು. ಮೊದಲ ಸಾಲು: ಸಿದ್ಧಲಿಂಗಯ್ಯ, ಹೊಲೆಮಾದಿಗರ ಹಾಡು, ಮೊದಲ ಮುದ್ರಣ 1975. ಎರಡನೆಯ ಸಾಲು: ನಾನು ನೋಡಿದ ಮುದ್ರಣ ಎಷ್ಟನೆಯದು, ಯಾವ ವರ್ಷದ್ದು, ಯಾವ ಲೈಬ್ರರಿಯದು. ಮೂರನೆಯದು: ಬೆಲೆ, ಪ್ರತಿಗಳ ಸಂಖ್ಯೆ, ಮುದ್ರಕರು. ಉಳಿದದ್ದು: ನನ್ನ ಪ್ರಶ್ನೆಗೆ ಇದರಿಂದ ಸಿಕ್ಕಿದ್ದೇನು, ಎರಡು ವಾಕ್ಯ. ನಿಮ್ಮ ಅಭಿಪ್ರಾಯವಿದ್ದರೆ ಹಿಂಬದಿಯಲ್ಲಿ ಬರೆಯಿರಿ. ಮುಂಬದಿಯಲ್ಲಿ ಬೆರೆಸಿದರೆ ಆರು ತಿಂಗಳ ಮೇಲೆ ಯಾವುದು ಅವರ ಮಾತು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯದು.

ಆ ಎರಡನೆಯ ಸಾಲು ಬಿಟ್ಟವರೇ ಹೆಚ್ಚು. ಸಮಗ್ರ ಸಂಪುಟ ಕೈಗೆ ಸುಲಭವಾಗಿ ಸಿಗುತ್ತದೆ, ಅದರಿಂದಲೇ ಕೆಲಸ ಮುಗಿಸುತ್ತಾರೆ. ಸಮಗ್ರಕ್ಕೆ ಬರುವಾಗ ಕವಿತೆಗಳ ಕ್ರಮ ಬದಲಾಗಿರಬಹುದು, ಮುನ್ನುಡಿ ಬಿಟ್ಟುಹೋಗಿರಬಹುದು, ಸಾಲು ತಿದ್ದಿರಬಹುದು. ತಿದ್ದಿದ ರೂಪವನ್ನು ಓದಿ 1975ರ ಭಾಷೆ ಹೀಗಿತ್ತು ಎಂದು ಬರೆದರೆ ಕಟ್ಟಡವೇ ವಾಲುತ್ತದೆ.

ಮಾತಾಡಿಸುವುದು

ಆ ಕಾಲದಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಆದ್ದರಿಂದ ಪುಸ್ತಕ ಆಮೇಲೆ ಓದಿದರೂ ನಡೆಯುತ್ತದೆ, ಸಂದರ್ಶನ ಮುಂದೂಡಬೇಡಿ. ಆದರೆ ಬರಿಗೈಲಿ ಹೋಗಬೇಡಿ. ಅವರ ಹೆಸರಿರುವ ಒಂದು ಆಹ್ವಾನ ಪತ್ರಿಕೆ ಅಥವಾ ಫೋಟೋದ ಪ್ರತಿ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ.

"ಸರ್, ಬಂಡಾಯ ಎಂದರೇನು?" ಎಂದು ಶುರು ಮಾಡಿದರೆ ಭಾಷಣ ಸಿಗುತ್ತದೆ. ಅದೇ ಭಾಷಣ ಅವರು ಇಪ್ಪತ್ತು ಕಡೆ ಮಾಡಿರುತ್ತಾರೆ. ಸಣ್ಣದು ಕೇಳಿ. ಆ ಸಭೆಗೆ ಹೇಗೆ ಹೋದಿರಿ, ಬಸ್ಸಾ, ಲಾರಿಯಾ? ಚಾರ್ಜು ಯಾರು ಕೊಟ್ಟರು? ರಾತ್ರಿ ಎಲ್ಲಿ ಮಲಗಿದಿರಿ? ಊಟ ಯಾರ ಮನೆಯಲ್ಲಿ? ಮಾರನೆ ದಿನ ಶಾಲೆಗೆ ರಜೆ ಹಾಕಿದ್ದಿರಾ? ಊಟ ಯಾರ ಮನೆಯಲ್ಲಿ ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಷ್ಟೋ ಸಲ ಜಾತಿಯ ಮಾತು ತಾನಾಗಿ ಬರುತ್ತದೆ. ನೀವಾಗಿ ಜಾತಿ ಕೇಳುವ ಅಗತ್ಯವಿಲ್ಲ. ಹೇಳಿಕೊಂಡರೆ, ಬರೆಯಬಹುದೇ ಎಂದು ಬೇರೆಯಾಗಿ ಕೇಳಿ.

ಮನೆಯ ಹೆಂಗಸರನ್ನೂ ಮಾತಾಡಿಸಿ. ಹಳೆಯ ಕಾಗದ ಯಾವ ಟ್ರಂಕಿನಲ್ಲಿದೆ ಎನ್ನುವುದು ಅವರಿಗೇ ಗೊತ್ತು, ಅಷ್ಟೇ ಅಲ್ಲ, ಬಂದ ಇಪ್ಪತ್ತು ಜನಕ್ಕೆ ರೊಟ್ಟಿ ಬಡಿದವರೂ ಅವರೇ. ಆಹ್ವಾನ ಪತ್ರಿಕೆಗಳಲ್ಲಿ ಹೆಂಗಸರ ಹೆಸರು ಕಡಿಮೆ, ಆದರೆ ಚಳವಳಿಯಲ್ಲಿ ಬರೆಯುವ ಹೆಂಗಸರು ಇದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕ್ ಬಂಡಾಯದ ಬಳಗದಿಂದಲೇ ಬಂದವರು, ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಹಾಸನದ ಕಡೆಯ ಶಿಕ್ಷಕರಿಗೆ, ಆ ಜಿಲ್ಲೆಯ ಸಭೆಗಳಲ್ಲಿ ವೇದಿಕೆ ಹತ್ತಿದ ಹೆಂಗಸರು ಯಾರ್‍ಯಾರು ಎಂಬ ಒಂದೇ ಪ್ರಶ್ನೆ ಒಂದು ವರ್ಷದ ಕೆಲಸ.

ರೆಕಾರ್ಡಿಂಗ್‌ಗೆ ಎರಡು ಫೋನು, ಎರಡೂ ಏರೋಪ್ಲೇನ್ ಮೋಡಿನಲ್ಲಿ. ಫೋನಿನ ಕೆಳಗೆ ಮಡಿಸಿದ ಟವೆಲ್ ಇಡಿ, ಇಲ್ಲದಿದ್ದರೆ ಲೋಟ ಇಟ್ಟ ಸದ್ದೆಲ್ಲ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನು ನಿಲ್ಲಿಸಲು ಕೇಳಿ, ಸೆಕೆಗಾಲವಾದರೆ ಫ್ಯಾನಿನಿಂದ ದೂರ ಕೂರಿ. ಮೊದಲು ದಿನಾಂಕ, ಊರು, ರೆಕಾರ್ಡ್ ಮಾಡಲು ಅವರ ಒಪ್ಪಿಗೆ, ಇಷ್ಟನ್ನೂ ಅವರ ಬಾಯಲ್ಲೇ ಹೇಳಿಸಿ. ಒಂದು ಗಂಟೆ ಸಾಕು, ಅವರಿಗೆ ದಣಿವಾಗುತ್ತದೆ. ಆ ಒಂದು ಗಂಟೆಯನ್ನು ಬರಹಕ್ಕಿಳಿಸಲು ನಿಮಗೆ ಆರು ಗಂಟೆ ಬೇಕು. ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ಹೋಗಿದ್ವಿ", "ಬಂದಿದ್ದಿಲ್ಲ", "ಹೇಳಾಕ್ಹತ್ತಿದ್ರು" ಹಾಗೇ ಇರಲಿ. ಪಾಠ ಮಾಡುವವರಿಗೆ ಇದು ಕಷ್ಟ, ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ.

ನೆನಪು ಎರಡು ಸಭೆಯನ್ನು ಒಂದು ಮಾಡುತ್ತದೆ, ಯಾರೋ ಹೇಳಿದ ಮಾತನ್ನು ಇನ್ಯಾರದೋ ಬಾಯಲ್ಲಿ ಇಡುತ್ತದೆ. ಅದು ಸುಳ್ಳಲ್ಲ, ನೆನಪಿನ ಗುಣ. ದಿನಾಂಕಕ್ಕೆ ಕಾಗದವನ್ನು ನಂಬಿ, ಆ ದಿನ ಹೇಗಿತ್ತು ಎನ್ನುವುದಕ್ಕೆ ಮಾತನ್ನು ನಂಬಿ.

ಹಾಡನ್ನು ಓದುವುದು

ಹಾಡಿದ ರೂಪಕ್ಕೂ ಅಚ್ಚಾದ ರೂಪಕ್ಕೂ ಇರುವ ವ್ಯತ್ಯಾಸದ ಪ್ರಶ್ನೆ ಆರಿಸಿಕೊಂಡವರು ನಲವತ್ತೇಳರ ಸ್ವಾತಂತ್ರ್ಯದ ಬಗ್ಗೆ ಸಿದ್ಧಲಿಂಗಯ್ಯನವರು ಬರೆದ, ಊರೂರಲ್ಲಿ ಹಾಡಿದ ಹಾಡಿನಿಂದ ಶುರು ಮಾಡಬಹುದು. ಮೂವರ ಹತ್ತಿರ, ಪುಸ್ತಕ ತೋರಿಸದೆ, ಹಾಡಿಸಿ. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಅಚ್ಚಾದ ರೂಪವನ್ನು ಪಕ್ಕಕ್ಕಿಡಿ. ಬಿಟ್ಟುಹೋದ ನುಡಿಗೆ ಒಂದು ಬಣ್ಣ, ಸೇರಿಕೊಂಡ ಊರಿನ ಅಥವಾ ಜಮೀನ್ದಾರನ ಹೆಸರಿಗೆ ಒಂದು, ಉಸಿರಿಗೆ ಸಲೀಸಾಗಲೆಂದು ಬದಲಾದ ಪದಕ್ಕೆ ಇನ್ನೊಂದು. ಪಲ್ಲವಿ ಎಷ್ಟು ಸಲ, ಯಾವ ಸಾಲಿನ ಮೇಲೆ ಮರಳುತ್ತದೆ ಎಂದು ಎಣಿಸಿ. ಮೂವರೂ ಒಂದೇ ನುಡಿ ಬಿಟ್ಟಿದ್ದರೆ ಅದು ಮರೆವಲ್ಲ, ಅಲ್ಲಿ ಏನೋ ಇದೆ. ಪುಸ್ತಕದ ರೂಪವೇ ಸರಿ, ಹಾಡಿದ್ದು ತಪ್ಪು ಎಂದು ಅಂಕ ಹಾಕಲು ಹೋದರೆ ಇಷ್ಟೂ ಕೆಲಸ ನೀರಲ್ಲಿ ಹೋಮ ಮಾಡಿದ ಹಾಗೆ.

ಪ್ರತಿ, ಹಕ್ಕು, ಬರವಣಿಗೆ

ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ, ಹಾಗಾಗಿ ಬಂಡಾಯದ ಕೃತಿಗಳನ್ನು ಹಕ್ಕು ಇರುವವೆಂದೇ ಎಣಿಸಿ. ಸ್ವಂತ ಅಧ್ಯಯನಕ್ಕೆ ಮಿತವಾಗಿ ಪ್ರತಿ ಮಾಡಿಕೊಳ್ಳಲು ಕಾನೂನು ಬಿಡುತ್ತದೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಲು ಬಿಡುವುದಿಲ್ಲ.

ಬರೆಯುವುದನ್ನು ಎಲ್ಲ ಮುಗಿದ ಮೇಲೆ ಎಂದು ಇಟ್ಟುಕೊಳ್ಳಬೇಡಿ, ಎಲ್ಲ ಎಂದೂ ಮುಗಿಯುವುದಿಲ್ಲ. ನಾಲ್ಕನೆಯ ತಿಂಗಳಿಗೆ ಒಂದೇ ಒಂದು ಕರಪತ್ರದ ಮೇಲೆ 1500 ಪದ ಬರೆಯಿರಿ: ಯಾರು ಅಚ್ಚು ಹಾಕಿಸಿದರು, ಯಾರ ಹೆಸರು ದಪ್ಪಕ್ಷರದಲ್ಲಿದೆ, ಯಾರದು ಕೊನೆಗೆ "ಮತ್ತಿತರರು" ಆಯಿತು. ಆ ಮತ್ತಿತರರಲ್ಲಿ ಇಬ್ಬರ ಹೆಸರು ಪತ್ತೆಯಾದರೂ ಅದು ಹೊಸ ಮಾಹಿತಿ.

ಸಂದರ್ಶನ ಕೊಟ್ಟವರಿಗೆ ಅವರ ಮಾತಿನ ಬರಹರೂಪ ಕಳಿಸುವುದನ್ನು ಮರೆಯಬೇಡಿ. 16 ಪಾಯಿಂಟಿನ ಅಕ್ಷರ, ಎರಡೂ ಕಡೆ ಅಗಲ ಮಾರ್ಜಿನ್, ಒಂದೇ ಬದಿ ಮುದ್ರಣ, ಜೊತೆಗೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರು. ಪಿಡಿಎಫ್ ಕಳಿಸಿದರೆ "ನೋಡಿದೆ, ಚೆನ್ನಾಗಿದೆ" ಎಂದು ಉತ್ತರ ಬರುತ್ತದೆ. ಕಾಗದ ಕಳಿಸಿದರೆ ಮಾರ್ಜಿನ್ ತುಂಬ ತಿದ್ದಿ, ಹಿಂಬದಿಯಲ್ಲಿ ಆವತ್ತು ಹೇಳಲು ಮರೆತದ್ದನ್ನೂ ಬರೆದು ಕಳಿಸುತ್ತಾರೆ.